ಪಿನ್ ಸತ್ತಿದೆ ಅನ್ನುವ ಮುಂಚೆ: ಮೈಕ್ರೋಕಂಟ್ರೋಲರ್ ಪಿನ್‌ಗಳ ದೋಷ ನಿವಾರಣೆ ಕೈಪಿಡಿ

ವಿಜಯಪುರ, ಬಾಗಲಕೋಟೆ ಕಡೆ ಮೈಕ್ರೋಕಂಟ್ರೋಲರ್, ಅಂದರೆ ಕೋಡ್ ಹಾಕಿ ಓಡಿಸುವ ಪುಟ್ಟ ಕಂಪ್ಯೂಟರ್ ಚಿಪ್, ಈಗ ಕಾಲೇಜಿನ ಲ್ಯಾಬ್ ಬಿಟ್ಟು ಹೊಲಕ್ಕೆ ಇಳಿದಿದೆ. ಟಿಕೋಟಾ ಕಡೆಯ ದ್ರಾಕ್ಷಿ ತೋಟದಲ್ಲಿ ಡ್ರಿಪ್ ವಾಲ್ವ್ ತೆರೆಯುವುದಕ್ಕೆ, ಮುಧೋಳ, ಜಮಖಂಡಿ ಕಡೆಯ ಕಬ್ಬಿನ ಹೊಲದಲ್ಲಿ ಮೋಟಾರ್ ಚಾಲೂ ಬಂದ್ ಮಾಡುವುದಕ್ಕೆ, ಮನೆ ಮೇಲಿನ ಟಾಕಿ ತುಂಬಿತಾ ಅಂತ ನೋಡುವುದಕ್ಕೆ ಒಂದು ಚಿಕ್ಕ ಬೋರ್ಡ್ ಸಾಕು. ಅದು ಕೈಕೊಟ್ಟಾಗ ಹುಡುಗರು ಹೇಳುವ ಮಾತು ಒಂದೇ: ‘ಪಿನ್ ಹೋಗಿದೆ.’ ಇಲ್ಲಾಂದ್ರೆ ಕೋಡ್ ತೆಗೆದು ತಿದ್ದುತ್ತಾ ಕೂರುತ್ತಾರೆ. (ಪಿನ್ ಅಂದರೆ ಹೊರಗಿನ ತಂತಿ ಸೇರುವ ಚಿಪ್ಪಿನ ಕಾಲು.)

ರಿಪೇರಿಗೆ ಬರುವ ಬೋರ್ಡ್‌ಗಳಲ್ಲಿ ನಿಜವಾಗಿ ಪಿನ್ ಸತ್ತಿರುವುದು ಕಡಿಮೆ. ಪಿನ್‌ಗೆ ಆಗದ ಕೆಲಸ ಹೇಳಿರುವುದೇ ಜಾಸ್ತಿ. ಹಾಗಾಗಿ ಈ ಕೈಪಿಡಿಯ ಪಟ್ಟು ಒಂದೇ: ಕೋಡ್ ಮುಟ್ಟುವ ಮುಂಚೆ, ದೋಷ ಕಾಣುತ್ತಿರುವಾಗಲೇ, ಆ ಪಿನ್ ಮೇಲೆ ಎಷ್ಟು ವೋಲ್ಟ್ ಇದೆ ನೋಡಿ. ಆ ಅಂಕಿ ಅರ್ಧ ದಾರಿ ತೋರಿಸುತ್ತದೆ.

## ಪಿನ್ ಒಳಗೆ ಏನಿದೆ

ಆರ್ಡುಯಿನೊ ಊನೊ ಬೋರ್ಡಿನ ಅಟ್‌ಮೆಗಾ328ಪಿ ಚಿಪ್ಪನ್ನೇ ತೆಗೆದುಕೊಳ್ಳೋಣ. ಪ್ರತಿ ಪಿನ್ ಹಿಂದೆ ಎರಡು ಟ್ರಾನ್ಸಿಸ್ಟರ್ ಇವೆ. ಮೇಲಿನದು ಪಿನ್ನನ್ನು 5 ವೋಲ್ಟಿಗೆ ಎಳೆಯುತ್ತದೆ, ಕೆಳಗಿನದು ಗ್ರೌಂಡ್‌ಗೆ. ಔಟ್‌ಪುಟ್ ಅಂತ ಹೇಳಿದಾಗ ಒಂದು ಹೊತ್ತಿಗೆ ಇವೆರಡರಲ್ಲಿ ಒಂದು ಚಾಲೂ ಇರುತ್ತದೆ. ಚಾಲೂ ಇರುವ ಟ್ರಾನ್ಸಿಸ್ಟರ್‌ಗೂ ಸುಮಾರು 25 ಓಮ್ ರೋಧ ಇದೆ. ಅಂದರೆ 20 ಮಿಲಿಆಂಪಿಯರ್ ಎಳೆದರೆ ಅರ್ಧ ವೋಲ್ಟ್ ಒಳಗೇ ಕಳೆದುಹೋಗುತ್ತದೆ.

ಇನ್‌ಪುಟ್ ಅಂತ ಹೇಳಿದಾಗ ಎರಡೂ ಬಂದ್. ಆಗ ಪಿನ್ ಯಾವ ಕಡೆಗೂ ಎಳೆಯುವುದಿಲ್ಲ, ಹೊರಗೆ ಇರುವ ವೋಲ್ಟೇಜನ್ನು ಸುಮ್ನೆ ನೋಡುತ್ತದೆ. ಚಿಪ್‌ಗೆ 5 ವೋಲ್ಟ್ ಕೊಟ್ಟಿದ್ದರೆ 1.5 ವೋಲ್ಟಿಗಿಂತ ಕೆಳಗಿದ್ದದ್ದು ಖಚಿತವಾಗಿ ಲೋ, 3 ವೋಲ್ಟಿಗಿಂತ ಮೇಲಿದ್ದದ್ದು ಖಚಿತವಾಗಿ ಹೈ. ನಡುವೆ ಇದ್ದರೆ ಯಾವುದು ಬೇಕಾದರೂ ಓದಬಹುದು, ಗ್ಯಾರಂಟಿ ಇಲ್ಲ.

ಇನ್ನೂ ಎರಡು ಸಾಮಾನು ಇವೆ. ಒಂದು, ಕೋಡ್‌ನಿಂದ ಹಾಕಿ ತೆಗೆಯಬಹುದಾದ ಪುಲ್‌ಅಪ್ ರೆಸಿಸ್ಟರ್, ಅಂದರೆ ಪಿನ್ನನ್ನು 5 ವೋಲ್ಟ್ ಕಡೆಗೆ ಎಳೆದಿಡುವ ರೆಸಿಸ್ಟರ್. ಇದು 20ರಿಂದ 50 ಕಿಲೋಓಮ್, ಅಂದರೆ ದುರ್ಬಲ. ಇನ್ನೊಂದು, ರಕ್ಷಣೆಯ ಎರಡು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಸಾಮಾನು): ಪಿನ್‌ನಿಂದ 5 ವೋಲ್ಟ್ ಕಡೆಗೆ ಒಂದು, ಗ್ರೌಂಡ್‌ನಿಂದ ಪಿನ್ ಕಡೆಗೆ ಒಂದು. ಈ ಡಯೋಡ್‌ಗಳೇ ಮುಂದೆ ಎರಡು ವಿಚಿತ್ರ ಲಕ್ಷಣಗಳಿಗೆ ಕಾರಣ, ಪಿನ್ ಬದುಕಿದೆಯೇ ಅಂತ ನೋಡುವುದಕ್ಕೂ ಅವೇ ದಾರಿ.

## ಕೈ ಹಾಕುವ ಮುಂಚೆ

ಒಂದು ಮಲ್ಟಿಮೀಟರ್, ಬೆರಳೆಣಿಕೆಯ ರೆಸಿಸ್ಟರ್ (220 ಓಮ್, 1 ಕಿಲೋಓಮ್, 2.2 ಕಿಲೋಓಮ್, 10 ಕಿಲೋಓಮ್), ಒಂದು ಎಲ್‌ಇಡಿ, ನಾಲ್ಕು ಜಂಪರ್ ತಂತಿ. ಇಷ್ಟಿದ್ದರೆ ಇಲ್ಲಿ ಬರೆದಿದ್ದರಲ್ಲಿ ಬಹುಪಾಲು ಮುಗಿಯುತ್ತದೆ.

ಬೋರ್ಡ್ ಮೋಟಾರ್ ಸ್ಟಾರ್ಟರ್‌ಗೆ ಸೇರಿದ್ದರೆ ಮೊದಲು ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ತೆಗೆಯಿರಿ, ರಿಲೇಯಿಂದ (ಬೋರ್ಡ್ ಹೇಳಿದಂತೆ ತೆರೆದು ಮುಚ್ಚುವ ಸ್ವಿಚ್) ಸ್ಟಾರ್ಟರ್‌ಗೆ ಹೋಗುವ ತಂತಿಗಳನ್ನು ಬಿಡಿಸಿ. ಸ್ಟಾರ್ಟರ್ ಮೇಲಿನ ಕೆಂಪು ಬಟನ್ ಒತ್ತಿ ಬಂದ್ ಮಾಡಿದರೆ ಸಾಲದು, ಪೆಟ್ಟಿಗೆ ಒಳಗೆ ಮೂರೂ ಫೇಸ್ ಜೀವಂತವಾಗಿಯೇ ಇರುತ್ತವೆ. ಪಾಳಿ ಪ್ರಕಾರ ತ್ರೀ ಫೇಸ್ ಬರುವ ಹೊಲದಲ್ಲಿ ‘ಈಗ ಕರೆಂಟಿಲ್ಲ’ ಅಂತ ನಂಬಿ ಕೈ ಹಾಕಬೇಡಿ. ಯಾವ ಹೊತ್ತಿಗಾದರೂ ಬರಬಹುದು. ಕೆಳಗಿನ ಪರೀಕ್ಷೆಗಳೆಲ್ಲ 5 ವೋಲ್ಟ್ ಬೋರ್ಡಿನ ಮೇಲೆ, ಟೇಬಲ್ ಮೇಲೆ ಇಟ್ಟು ಮಾಡುವಂಥವು.

## ಲಕ್ಷಣ: ಇನ್‌ಪುಟ್ ತಾನೇ ಕುಣಿಯುತ್ತದೆ, ಕೈ ಹತ್ತಿರ ತಂದರೆ ಬದಲಾಗುತ್ತದೆ

ಸ್ವಿಚ್ ಒತ್ತಿಲ್ಲ, ಆದರೂ ಹೈ, ಲೋ, ಹೈ ಅಂತ ಬರುತ್ತಿದೆ. ಬೆರಳು ಹತ್ತಿರ ತಂದರೆ ಇನ್ನೂ ಜಾಸ್ತಿ. ಪಿನ್ ಕೆಟ್ಟಿಲ್ಲ, ಗೂಟಕ್ಕೆ ಕಟ್ಟದ ಕರುವಿನ ಹಾಗೆ ಬಿಟ್ಟಿದ್ದೀರಿ ಅಷ್ಟೇ. ಇನ್‌ಪುಟ್ ಎಳೆಯುವ ಕರೆಂಟ್ 1 ಮೈಕ್ರೋಆಂಪಿಯರ್‌ಗಿಂತ ಕಡಿಮೆ. ಗೋಡೆಯೊಳಗಿನ 50 ಹರ್ಟ್ಸ್ ವೈರಿಂಗ್, ನಿಮ್ಮ ಮೈ, ಪಕ್ಕದ ತಂತಿ, ಯಾವುದಾದರೂ ಸಾಕು ಅದನ್ನು ಅತ್ತಿತ್ತ ತಳ್ಳುವುದಕ್ಕೆ.

ಇಲ್ಲಿ ಒಂದು ಮೋಸ ಇದೆ. ಮೀಟರ್ ಹಚ್ಚಿದ ಕೂಡಲೇ ಕುಣಿತ ನಿಂತು 0 ವೋಲ್ಟ್ ತೋರಿಸಬಹುದು. ‘ಈಗ ಸರಿಯಾಯ್ತಲ್ಲ’ ಅನಿಸುತ್ತದೆ. ಮಾರ್ಕೆಟ್‌ನಲ್ಲಿ ಸಿಗುವ ಹಳದಿ ಬಣ್ಣದ ಅಗ್ಗದ ಮೀಟರ್‌ನ ಒಳರೋಧ ಸುಮಾರು 1 ಮೆಗಾಓಮ್, ಸ್ವಲ್ಪ ದುಬಾರಿಯದ್ದರಲ್ಲಿ 10 ಮೆಗಾಓಮ್. ತೇಲುವ ಪಿನ್ನಿಗೆ ಅಷ್ಟೇ ಒಂದು ಹಗ್ಗ. ಮೀಟರ್ ಹಚ್ಚಿದಾಗ ಸರಿ, ತೆಗೆದಾಗ ಮತ್ತೆ ಕುಣಿತ ಅಂದರೆ ಪಿನ್ ತೇಲುತ್ತಿದೆ ಅಂತಲೇ ಅರ್ಥ. ಬೇರೆ ಸಾಕ್ಷಿ ಬೇಡ.

ಪರಿಹಾರ ಅಗ್ಗ. ಕೋಡ್‌ನಲ್ಲಿ ಪಿನ್‌ಮೋಡ್ ಅನ್ನು ಇನ್‌ಪುಟ್ ಬದಲು ಇನ್‌ಪುಟ್ ಪುಲ್‌ಅಪ್ ಮಾಡಿ, ಸ್ವಿಚ್ಚನ್ನು ಪಿನ್ ಮತ್ತು ಗ್ರೌಂಡ್ ನಡುವೆ ಹಾಕಿ. ಒತ್ತಿದಾಗ ಲೋ ಬರುತ್ತದೆ, ಒತ್ತದಿದ್ದಾಗ ಹೈ. ಅದು ಉಲ್ಟಾ ಅನಿಸಿದರೂ ಅದೇ ಸರಿ.

ಪುಲ್‌ಅಪ್ ಹಾಕಿಯೂ ಕುಣಿಯುತ್ತಿದ್ದರೆ ಆ ಪಿನ್ನಿಗೆ ಪುಲ್‌ಅಪ್ ಇದೆಯೇ ನೋಡಿ. ವೈಫೈ ಇರುವ ಇಎಸ್‌ಪಿ32 ಚಿಪ್‌ನ 34ರಿಂದ 39ರವರೆಗಿನ ಪಿನ್‌ಗಳು ಬರೀ ಇನ್‌ಪುಟ್, ಅವಕ್ಕೆ ಒಳಗೆ ಪುಲ್‌ಅಪ್ ಇಲ್ಲ. ಅದೇ ಜಾತಿಯ ಇಎಸ್‌ಪಿ8266ರ 16ನೇ ಪಿನ್ನಿಗೂ ಇಲ್ಲ. ಆರ್ಡುಯಿನೊ ನ್ಯಾನೊದ ಎ6, ಎ7 ಅಂತೂ ಅನಲಾಗ್ ಮಾತ್ರ ಓದುತ್ತವೆ, ಡಿಜಿಟಲ್ ಆಗಿ ಓದಲು ಹೋದರೆ ಬರುವುದೆಲ್ಲ ಕಸ. ಕೋಡ್ ಎರರ್ ಕೊಡುವುದಿಲ್ಲ, ಅದೇ ತೊಂದರೆ. ಇಎಸ್‌ಪಿ ಪಿನ್‌ಗಳಿಗೆ ಹೊರಗಿನಿಂದ 10 ಕಿಲೋಓಮ್ ಹಾಕಿದರೆ ಕೆಲಸ ಆಗುತ್ತದೆ. ನ್ಯಾನೊದಲ್ಲಿ ಪಿನ್ ಬದಲಿಸುವುದೇ ಸುಲಭ.

ಒಂದು ಸಲ ಒತ್ತಿದರೆ ಐದಾರು ಸಲ ಎಣಿಸುವುದು ಬೇರೆ ಕಾಯಿಲೆ. ಸ್ವಿಚ್‌ನ ಲೋಹ ಮುಚ್ಚುವಾಗ ಪುಟಿಯುತ್ತದೆ. ಕೋಡ್‌ನಲ್ಲಿ 20ರಿಂದ 50 ಮಿಲಿಸೆಕೆಂಡ್ ಕಾಯ್ದು ಮತ್ತೆ ಓದಿ, ಮುಗಿಯಿತು.

## ಲಕ್ಷಣ: ಟೇಬಲ್ ಮೇಲೆ ಸರಿ, ತೋಟದಲ್ಲಿ ಸುಳ್ಳು ಹೇಳುತ್ತದೆ

‘ಸರ್, ಟಾಕಿ ತುಂಬೈತಿ, ಮೋಟಾರ್ ಬಂದ್ ಆಗವಲ್ದು ನೋಡ್ರಿ.’ ನಮ್ಮ ಕಡೆ ಅತಿ ಹೆಚ್ಚು ಬರುವ ಫೋನ್ ಇದೇ. ಫ್ಲೋಟ್ ಸ್ವಿಚ್ ಸರಿ, ಬೋರ್ಡ್ ಸರಿ, ಕೋಡ್ ಸರಿ. ನಡುವಿನ ಉದ್ದದ ತಂತಿಯನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ.

ಮೊದಲ ಪರೀಕ್ಷೆಗೆ ಖರ್ಚೇ ಇಲ್ಲ. ಬೋರ್ಡ್ ಕಡೆಯಲ್ಲಿ ಉದ್ದದ ತಂತಿ ಬಿಚ್ಚಿ. ಅದೇ ಟರ್ಮಿನಲ್‌ಗೆ ಒಂದು ಗೇಣಿನ ಜಂಪರ್ ಹಾಕಿ ಗ್ರೌಂಡ್‌ಗೆ ಮುಟ್ಟಿಸಿ, ಬಿಡಿ. ಬೋರ್ಡ್ ಸರಿಯಾಗಿ ಓದಿದರೆ ಪಿನ್ ಚೆನ್ನಾಗಿದೆ, ದೋಷ ಹೊರಗಿದೆ. ಓದದಿದ್ದರೆ ನೇರವಾಗಿ ಕೊನೆಯ ಭಾಗಕ್ಕೆ ಹೋಗಿ.

ದೋಷ ಹೊರಗೆ ಅಂತಾದರೆ ತಂತಿ ಮತ್ತೆ ಸೇರಿಸಿ, ಸ್ವಿಚ್ ತೆರೆದಿರುವಾಗ ಪಿನ್ ಮೇಲೆ ವೋಲ್ಟ್ ಅಳೆಯಿರಿ. 4.8 ಆಸುಪಾಸು ಬರಬೇಕು. 2.5, 2.7 ಬಂದರೆ ತಂತಿಯ ಜಾಯಿಂಟ್ ನೆನೆದಿದೆ. ಲೆಕ್ಕ ಹಾಕಿ ನೋಡಿ. ಒಳಗಿನ ಪುಲ್‌ಅಪ್ 35 ಕಿಲೋಓಮ್ ಅಂದುಕೊಳ್ಳಿ. ಟೇಪ್ ಸುತ್ತಿದ ಜಾಯಿಂಟ್‌ಗೆ ನೀರು ಇಳಿದು ಎರಡು ತಂತಿಗಳ ನಡುವೆ 40 ಕಿಲೋಓಮ್ ಸೋರಿಕೆ ಆಗಿದೆ. ಪಿನ್ ಮೇಲೆ ಬರುವುದು 5ಕ್ಕೆ 40/75ರಷ್ಟು, ಅಂದರೆ 2.67 ವೋಲ್ಟ್. 1.5 ಮತ್ತು 3ರ ನಡುವಿನ ಆ ಗ್ಯಾರಂಟಿ ಇಲ್ಲದ ಜಾಗದಲ್ಲಿ ಸಿಕ್ಕಿಹಾಕಿಕೊಂಡಿತು. ಬೆಳಿಗ್ಗೆ ಇಬ್ಬನಿಯಲ್ಲಿ ತಪ್ಪು ಓದುತ್ತದೆ, ಮಧ್ಯಾಹ್ನ ಬಿಸಿಲಿಗೆ ಒಣಗಿ ಸರಿಹೋಗುತ್ತದೆ. ನೀವು ಹೋಗಿ ನೋಡುವ ಹೊತ್ತಿಗೆ ಏನೂ ಆಗಿರುವುದಿಲ್ಲ.

ಈಗ ಅದೇ ತಂತಿಗೆ ಹೊರಗಿನಿಂದ 2.2 ಕಿಲೋಓಮ್ ಪುಲ್‌ಅಪ್ ಹಾಕಿ. ಅದೇ ನೆನೆದ ಜಾಯಿಂಟ್ ಇದ್ದರೂ ಪಿನ್ ಮೇಲೆ 4.7 ವೋಲ್ಟ್ ನಿಲ್ಲುತ್ತದೆ. ಇನ್ನೊಂದು ಲಾಭವೂ ಇದೆ. ಒಳಗಿನ ಪುಲ್‌ಅಪ್ ಮಾತ್ರ ಇದ್ದಾಗ ಸ್ವಿಚ್‌ನಲ್ಲಿ ಹರಿಯುವುದು 0.15 ಮಿಲಿಆಂಪಿಯರ್‌ಗಿಂತ ಕಡಿಮೆ. ಕಿಲುಬು ಹಿಡಿದ ಕಾಂಟ್ಯಾಕ್ಟ್ ದಾಟಲು ಅದು ಸಾಲದೆ ಹೋಗಬಹುದು. 2.2 ಕಿಲೋಓಮ್ ಹಾಕಿದಾಗ 2 ಮಿಲಿಆಂಪಿಯರ್ ಮೇಲೆ ಹರಿಯುತ್ತದೆ. ಜಾಯಿಂಟನ್ನೂ ಸರಿಮಾಡಿ ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ?

ಮೋಟಾರ್ ಚಾಲೂ ಆಗುವ, ಬಂದ್ ಆಗುವ ಕ್ಷಣದಲ್ಲಿ ಮಾತ್ರ ತಪ್ಪು ಓದುತ್ತಿದ್ದರೆ ಕಾರಣ ಬೇರೆ. ಸಿಗ್ನಲ್ ತಂತಿಯನ್ನು ಮೋಟಾರ್ ಕೇಬಲ್ ಜೊತೆ ಒಂದೇ ಪೈಪಿನಲ್ಲಿ ಎಳೆದಿದ್ದೀರಾ ನೋಡಿ. ನೂರಕ್ಕೆ ತೊಂಬತ್ತು ಪಾಲು ಹಾಗೇ ಎಳೆದಿರುತ್ತಾರೆ, ಪೈಪ್ ಉಳಿಯಲಿ ಅಂತ. ಬೇರೆ ಪೈಪ್ ಆಗದಿದ್ದರೆ ತಂತಿ ಮತ್ತು ಪಿನ್ ನಡುವೆ 10 ಕಿಲೋಓಮ್, ಪಿನ್‌ನಿಂದ ಗ್ರೌಂಡ್‌ಗೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. 2.2 ಕಿಲೋಓಮ್ ಪುಲ್‌ಅಪ್ ತಂತಿಯ ಕಡೆಯಲ್ಲೇ ಇರಲಿ, ಒಳಗಿನ ಪುಲ್‌ಅಪ್ ಬಂದ್ ಮಾಡಿ. ಸುಮಾರು 1 ಮಿಲಿಸೆಕೆಂಡಿಗಿಂತ ಚಿಕ್ಕ ಗೊಂದಲವನ್ನು ಇದು ನುಂಗುತ್ತದೆ. ಆ 10 ಕಿಲೋಓಮ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ತಂತಿ ಮೇಲೆ ಹೆಚ್ಚಿನ ವೋಲ್ಟೇಜ್ ಬಂದರೆ ಒಳಗಿನ ಡಯೋಡ್‌ಗೆ ಹೋಗುವ ಕರೆಂಟನ್ನು ತಡೆಹಿಡಿಯುತ್ತದೆ.

ತಂತಿ ಒಂದು ಎಕರೆ ದಾಟಿ ಹೋಗುತ್ತಿದ್ದರೆ ನನ್ನ ಸಲಹೆ ಬೇರೆ. ಪಿನ್ನನ್ನು ಆ ತಂತಿಗೆ ನೇರವಾಗಿ ಕಟ್ಟಲೇಬೇಡಿ. 12 ವೋಲ್ಟ್ ಬೇರೆ ಸಪ್ಲೈ, 2.2 ಕಿಲೋಓಮ್, ಫ್ಲೋಟ್ ಸ್ವಿಚ್, ಪಿಸಿ817 ಆಪ್ಟೋಕಪ್ಲರ್‌ನ (ಬೆಳಕಿನ ಮೂಲಕ ಮಾತ್ರ ಸಿಗ್ನಲ್ ದಾಟಿಸುವ ಸಾಮಾನು) ಎಲ್‌ಇಡಿ, ಇವೆಲ್ಲ ಸಾಲಾಗಿ. ಸುಮಾರು 5 ಮಿಲಿಆಂಪಿಯರ್ ಹರಿಯುತ್ತದೆ. ಆಪ್ಟೋ ಎಲ್‌ಇಡಿಗೆ ಉಲ್ಟಾ ಒಂದು 1ಎನ್4148 ಡಯೋಡ್ ಕಟ್ಟಿ. ಇನ್ನೊಂದು ಕಡೆ ಆಪ್ಟೋದ ಟ್ರಾನ್ಸಿಸ್ಟರ್ ಪಿನ್ನನ್ನು ಗ್ರೌಂಡ್‌ಗೆ ಎಳೆಯುತ್ತದೆ, 10 ಕಿಲೋಓಮ್ ಪುಲ್‌ಅಪ್ ಜೊತೆ. ಹೊಲದ ತಂತಿಗೂ ಚಿಪ್‌ಗೂ ಲೋಹದ ಸಂಬಂಧವೇ ಇರುವುದಿಲ್ಲ. ಆದರೂ ಮೇ ತಿಂಗಳ ಗುಡುಗು ಮಳೆಗೆ ಇದು ಉತ್ತರ ಅಲ್ಲ. ಹತ್ತಿರದಲ್ಲಿ ಸಿಡಿಲು ಹೊಡೆದರೆ ಏನೂ ಉಳಿಯದಿರಬಹುದು. ಮೋಡ ಕವಿದಾಗಲೇ ತಂತಿ ಬಿಡಿಸಿಡಿ. ಗುಡುಗು ಶುರುವಾದ ಮೇಲೆ ಮುಟ್ಟಬೇಡಿ.

## ಲಕ್ಷಣ: ಎಲ್‌ಇಡಿ ಉರಿಯುತ್ತದೆ, ಆದರೆ ಮಿಣಮಿಣ

ಪಿನ್ ಮೇಲೆ ಅಳೆಯಿರಿ. ಬರುವ ಅಂಕಿಗೆ ತಕ್ಕಂತೆ ಮೂರು ಅರ್ಥ.

ಸುಮಾರು 1.8 ವೋಲ್ಟ್ ಬಂದರೆ ಪಿನ್ನನ್ನು ಔಟ್‌ಪುಟ್ ಮಾಡುವುದನ್ನೇ ಮರೆತಿದ್ದೀರಿ. ಆರ್ಡುಯಿನೊದಲ್ಲಿ ಇನ್‌ಪುಟ್ ಆಗಿರುವ ಪಿನ್ನಿಗೆ ಹೈ ಬರೆದರೆ ಒಳಗಿನ ಪುಲ್‌ಅಪ್ ಚಾಲೂ ಆಗುತ್ತದೆ. ಎಲ್‌ಇಡಿಗೆ ಸಿಗುವುದು 0.1 ಮಿಲಿಆಂಪಿಯರ್ ಆಸುಪಾಸು. ಕತ್ತಲೆಯಲ್ಲಿ ಕಾಣುತ್ತದೆ, ಬಿಸಿಲಲ್ಲಿ ಇಲ್ಲ. ಪಿನ್‌ಮೋಡ್ ಸಾಲು ಸೇರಿಸಿ.

4.7, 4.8 ಬಂದರೆ ಪಿನ್ ತನ್ನ ಕೆಲಸ ಮಾಡುತ್ತಿದೆ. ರೆಸಿಸ್ಟರ್ ದೊಡ್ಡದಾಗಿದೆ, ಅಥವಾ ಎಲ್‌ಇಡಿಯೇ ಹಳೆಯದು. ಕೆಂಪು ಎಲ್‌ಇಡಿಗೆ 2 ವೋಲ್ಟ್ ಹೋಗುತ್ತದೆ ಅಂದುಕೊಂಡರೆ 220 ಓಮ್‌ನಲ್ಲಿ 13 ಮಿಲಿಆಂಪಿಯರ್ ಹರಿಯುತ್ತದೆ. ಧಾರಾಳ ಸಾಕು.

3, 3.5ಕ್ಕೆ ಕುಸಿದಿದ್ದರೆ ತಕ್ಷಣ ತಂತಿ ತೆಗೆಯಿರಿ. ಪಿನ್ ಮೇಲೆ ಹೊರೆ ಜಾಸ್ತಿ ಆಗಿದೆ. ಈ ಚಿಪ್‌ನಲ್ಲಿ ಒಂದು ಪಿನ್ನಿಗೆ 20 ಮಿಲಿಆಂಪಿಯರ್ ಒಳಗೆ ಕೆಲಸ ಮುಗಿಸಬೇಕು. 40 ಅನ್ನುವುದು ದಾಟಲೇಬಾರದ ಗಡಿ. ಅಲ್ಲಿ ದಿನವೂ ಓಡಿಸಬಹುದು ಅಂತ ಅರ್ಥ ಅಲ್ಲ. ಚಿಪ್ ಪೂರ್ತಿಗೆ ಸೇರಿ 200. ರೆಸಿಸ್ಟರ್ ಇಲ್ಲದೆ ನೇರ ಎಲ್‌ಇಡಿ ಹಾಕಿದವರು, ಒಂದೇ ಪಿನ್ನಿಗೆ ಮೂರು ಬಝರ್ ಕಟ್ಟಿದವರು ಈ ಸಾಲಿಗೆ ಸೇರುತ್ತಾರೆ. ಇಎಸ್‌ಪಿ8266 ಆದರೆ ಒಂದು ಪಿನ್ನಿಗೆ 12 ಮಿಲಿಆಂಪಿಯರ್ ಮಾತ್ರ.

ಹೊರೆ ಏನೂ ಇಲ್ಲದೆಯೂ ಕುಸಿದಿದ್ದರೆ ಎರಡು ಔಟ್‌ಪುಟ್‌ಗಳು ಒಂದಕ್ಕೊಂದು ತಾಗಿವೆಯೇ ನೋಡಿ. ಒಂದು ಹೈ, ಇನ್ನೊಂದು ಲೋ ಆದರೆ ಇಬ್ಬರೂ ಎಳೆದಾಡುತ್ತಾರೆ, ಚಿಪ್ ಬೆಚ್ಚಗಾಗುತ್ತದೆ. ಬ್ರೆಡ್‌ಬೋರ್ಡ್‌ನಲ್ಲಿ ಒಂದು ತೂತು ಆಚೀಚೆ ಆದರೂ ಸಾಕು.

## ಲಕ್ಷಣ: ರಿಲೇ ಟಿಕ್ ಅನ್ನುವುದಿಲ್ಲ, ಅಥವಾ ಟಿಕ್ ಅಂದ ಕೂಡಲೇ ಬೋರ್ಡ್ ರೀಸೆಟ್ ಆಗುತ್ತದೆ

ನೀಲಿ ಬಣ್ಣದ 5 ವೋಲ್ಟ್ ರಿಲೇ ಎಲ್ಲರ ಹತ್ತಿರವೂ ಇದೆ. ಅದರ ಕಾಯಿಲ್ ಸುಮಾರು 70 ಓಮ್. 5 ವೋಲ್ಟಿಗೆ 71 ಮಿಲಿಆಂಪಿಯರ್. ಪಿನ್ನಿಗೆ ನೇರ ಕಟ್ಟುವುದು ಸಾಧ್ಯವೇ ಇಲ್ಲ ಅನ್ನುವುದು ಈ ಒಂದು ಭಾಗಾಕಾರದಲ್ಲಿ ಗೊತ್ತಾಗುತ್ತದೆ. ನಡುವೆ ಒಂದು ಬಿಸಿ547 ಟ್ರಾನ್ಸಿಸ್ಟರ್, ಬೇಸ್‌ಗೆ 1 ಕಿಲೋಓಮ್, ಕಾಯಿಲ್ ಅಡ್ಡಲಾಗಿ ಉಲ್ಟಾ 1ಎನ್4007 ಡಯೋಡ್. ಡಯೋಡ್‌ನ ಬಿಳಿ ಗೆರೆ 5 ವೋಲ್ಟ್ ಕಡೆಗೆ. ಈ ಡಯೋಡ್ ಇಲ್ಲದೆ ಓಡಿಸಿದರೆ ಪ್ರತಿ ಸಲ ಬಂದ್ ಆದಾಗಲೂ ಕಾಯಿಲ್ ದೊಡ್ಡ ಒದೆ ಕೊಡುತ್ತದೆ. ಒಂದು ದಿನ ಟ್ರಾನ್ಸಿಸ್ಟರ್ ಹೋಗುತ್ತದೆ, ಹಿಂದೆಯೇ ಪಿನ್ ಕೂಡ.

ರೀಸೆಟ್ ಆಗುತ್ತಿದ್ದರೆ ರಿಲೇಗೆ ಬೇರೆ 5 ವೋಲ್ಟ್ ಸಪ್ಲೈ ಕೊಟ್ಟು ನೋಡಿ, ಎರಡರ ಗ್ರೌಂಡ್ ಒಂದಕ್ಕೊಂದು ಸೇರಿಸಿ. ರೀಸೆಟ್ ನಿಂತರೆ ಸಪ್ಲೈ ಬಲ ಸಾಲದು ಎಂದರ್ಥ. ಮೀಟರ್‌ನಲ್ಲಿ ಈ ಕುಸಿತ ಕಾಣಿಸುವುದಿಲ್ಲ, ಅದು ಅಷ್ಟು ಚಿಕ್ಕ ಕ್ಷಣದ್ದು.

ರಿಲೇ ಒಬ್ಬಂಟಿಯಾಗಿ ಟಿಕ್ ಅಂದಾಗ ಸರಿ, ಸ್ಟಾರ್ಟರ್ ಸೇರಿಸಿದಾಗ ಮಾತ್ರ ರೀಸೆಟ್ ಅಂದರೆ ಸ್ಟಾರ್ಟರ್ ಒಳಗಿನ ದೊಡ್ಡ ಸ್ವಿಚ್ಚಾದ ಕಾಂಟ್ಯಾಕ್ಟರ್‌ನ ಕಾಯಿಲ್ ಎಬ್ಬಿಸುವ ಗೊಂದಲ. ಅದಕ್ಕೆ ಸ್ನಬ್ಬರ್, ಅಂದರೆ ಆ ಗೊಂದಲ ನುಂಗುವ ರೆಸಿಸ್ಟರ್ ಕೆಪಾಸಿಟರ್ ಜೋಡಿ, ಬೇಕು. ಇಲ್ಲಿ ನಿಲ್ಲಿಸಿ, ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ. ಇನ್ನೊಂದು ಮಾತು, ಇದು ಬಹಳ ಜನ ನೋಡದೆ ಬಿಡುವುದು. ನೀಲಿ ರಿಲೇ ಮೇಲೆ 250 ವೋಲ್ಟ್ ಎಸಿ ಅಂತ ಬರೆದಿದೆ. ತ್ರೀ ಫೇಸ್ ಪಂಪ್ ಸ್ಟಾರ್ಟರ್‌ನ ಕಾಯಿಲ್ ಎರಡು ಫೇಸ್ ನಡುವಿನ 415 ವೋಲ್ಟ್‌ನದಾಗಿದ್ದರೆ ಈ ರಿಲೇ ಅದಕ್ಕೆ ಆಗುವುದಿಲ್ಲ. ಕಾಂಟ್ಯಾಕ್ಟ್ ಅಂಟಿಕೊಂಡರೆ ನೀವು ಲೋ ಬರೆದರೂ ಮೋಟಾರ್ ಬಂದ್ ಆಗುವುದಿಲ್ಲ. ಆಗ ಪಿನ್ ಮೇಲೆ 0 ವೋಲ್ಟ್ ಇದ್ದೇ ಇರುತ್ತದೆ, ತಪ್ಪು ಪಿನ್ನಿನದಲ್ಲ.

ರೆಡಿ ಮಾಡ್ಯೂಲ್‌ಗಳಲ್ಲಿ ಇನ್ನೊಂದು ತಕರಾರು. 5 ವೋಲ್ಟ್ ಕೊಟ್ಟ, ಲೋ ಬಂದಾಗ ಚಾಲೂ ಆಗುವ ಕೆಲವು ಮಾಡ್ಯೂಲ್‌ಗಳನ್ನು ಇಎಸ್‌ಪಿಯ 3.3 ವೋಲ್ಟ್ ಪಿನ್‌ನಿಂದ ಬಂದ್ ಮಾಡಲು ಆಗುವುದಿಲ್ಲ. ಪಿನ್ ಹೈ ಆದರೂ ಮಾಡ್ಯೂಲ್‌ಗೆ ಇನ್ನೂ 1.7 ವೋಲ್ಟ್ ವ್ಯತ್ಯಾಸ ಕಾಣುತ್ತದೆ, ಟ್ರಾನ್ಸಿಸ್ಟರ್ ಅರ್ಧ ತೆರೆದೇ ಇರುತ್ತದೆ. ಹೈ ಬಂದಾಗ ಚಾಲೂ ಆಗುವ ಮಾಡ್ಯೂಲ್ ತನ್ನಿ.

## ಲಕ್ಷಣ: ಕರೆಂಟು ಬಂದ ಕೂಡಲೇ ಮೋಟಾರ್ ತಾನೇ ಒಂದು ಸಲ ಚಾಲೂ ಆಗುತ್ತದೆ

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಾವಿಯ ಹತ್ತಿರ, ಪೈಪ್ ಜೋಡಿಸುತ್ತಾ ಯಾರಾದರೂ ಇರಬಹುದು.

ಚಿಪ್ ರೀಸೆಟ್ ಆದಾಗ ಎಲ್ಲ ಪಿನ್‌ಗಳೂ ಇನ್‌ಪುಟ್ ಆಗುತ್ತವೆ, ಪುಲ್‌ಅಪ್ ಕೂಡ ಇರುವುದಿಲ್ಲ. ಬೂಟ್‌ಲೋಡರ್ (ಚಿಪ್ ಏಳುವಾಗ ಮೊದಲು ಓಡುವ ಪುಟ್ಟ ಕೋಡ್) ಮುಗಿದು ನಿಮ್ಮ ಕೋಡ್ ಶುರುವಾಗುವವರೆಗೆ ರಿಲೇಯ ಟ್ರಾನ್ಸಿಸ್ಟರ್ ಬೇಸ್ ಗಾಳಿಯಲ್ಲಿ ತೇಲುತ್ತಿರುತ್ತದೆ. ಆ ಹೊತ್ತಿನಲ್ಲಿ ಏನಾಗಬೇಕು ಅನ್ನುವುದನ್ನು ಕೋಡ್ ಹೇಳಲಾರದು, ರೆಸಿಸ್ಟರ್ ಮಾತ್ರ ಹೇಳಬಲ್ಲದು. ಪಿನ್‌ನಿಂದ ಗ್ರೌಂಡ್‌ಗೆ 10 ಕಿಲೋಓಮ್ ಹಾಕಿ. ಲೋ ಬಂದಾಗ ಚಾಲೂ ಆಗುವ ಮಾಡ್ಯೂಲ್ ಆದರೆ ಪಿನ್‌ನಿಂದ 5 ವೋಲ್ಟಿಗೆ.

ಲೋ ಮಾಡ್ಯೂಲ್‌ನಲ್ಲಿ ಕೋಡ್‌ನ ಕ್ರಮವೂ ಮುಖ್ಯ. ಪಿನ್ನನ್ನು ಮೊದಲು ಔಟ್‌ಪುಟ್ ಮಾಡಿದರೆ ಅದು ಲೋ ಆಗಿಯೇ ಹುಟ್ಟುತ್ತದೆ, ರಿಲೇ ಟಿಕ್ ಅನ್ನುತ್ತದೆ. ಮೊದಲು ಹೈ ಬರೆಯಿರಿ, ಆಮೇಲೆ ಔಟ್‌ಪುಟ್ ಮಾಡಿ. ಎರಡು ಸಾಲು ಅದಲು ಬದಲು ಮಾಡಿದರೆ ಆಯಿತು.

ಇಎಸ್‌ಪಿ8266ರಲ್ಲಿ ಇನ್ನೂ ಎಚ್ಚರ ಬೇಕು. ಅದರ ಬಹಳಷ್ಟು ಪಿನ್‌ಗಳು ಬೂಟ್ ಆಗುವಾಗ ಸ್ವಲ್ಪ ಹೊತ್ತು ಹೈ ಇರುತ್ತವೆ. 0, 2 ಮತ್ತು 15ನೇ ಪಿನ್‌ಗಳಂತೂ ಬೂಟ್ ಹೇಗೆ ಆಗಬೇಕು ಅನ್ನುವುದನ್ನೇ ನಿರ್ಧರಿಸುತ್ತವೆ. ಅಲ್ಲಿ ಸ್ವಿಚ್ ಅಥವಾ ರಿಲೇ ಕಟ್ಟಿದರೆ ಒಮ್ಮೊಮ್ಮೆ ಬೋರ್ಡ್ ಏಳುವುದೇ ಇಲ್ಲ. ಮೋಟಾರ್ ಕೆಲಸಕ್ಕೆ 4 ಮತ್ತು 5ನೇ ಪಿನ್‌ಗಳನ್ನೇ ಇಟ್ಟುಕೊಳ್ಳಿ, ನೋಡ್‌ಎಂಸಿಯು ಬೋರ್ಡ್ ಮೇಲೆ ಅವು ಡಿ2 ಮತ್ತು ಡಿ1. ಈ ರೆಸಿಸ್ಟರ್ ಹಾಕಿ, ಸ್ಟಾರ್ಟರ್ ಬಿಡಿಸಿಟ್ಟು, ಬೋರ್ಡ್ ಸಪ್ಲೈಯನ್ನು ಹತ್ತಾರು ಸಲ ತೆಗೆದು ಹಾಕಿ. ಒಂದು ಸಲವೂ ಟಿಕ್ ಅನ್ನಬಾರದು. ಒಂದು ಸಲ ಟಿಕ್ ಅಂದರೂ ಸ್ಟಾರ್ಟರ್ ಸೇರಿಸಲೇಬೇಡಿ.

## ಲಕ್ಷಣ: ಸಪ್ಲೈ ತೆಗೆದರೂ ಬೋರ್ಡ್ ಬದುಕಿದೆ

ಯುಎಸ್‌ಬಿ ತೆಗೆದಿದ್ದೀರಿ, ಆದರೂ ಪವರ್ ಎಲ್‌ಇಡಿ ಮಂದವಾಗಿ ಉರಿಯುತ್ತಿದೆ. ಕೆಲವೊಮ್ಮೆ ಕೋಡ್ ಕೂಡ ಅರೆಬರೆ ಓಡುತ್ತದೆ. ದೆವ್ವ ಅಲ್ಲ. ಬೇರೆ ಸಪ್ಲೈ ಇರುವ ಸೆನ್ಸರ್ ಒಂದು ಪಿನ್ನಿಗೆ 5 ವೋಲ್ಟ್ ಕೊಡುತ್ತಿದೆ. ಅದು ಮೇಲಿನ ರಕ್ಷಣಾ ಡಯೋಡ್ ಮೂಲಕ ಚಿಪ್‌ನ ಸಪ್ಲೈ ಲೈನ್‌ಗೆ ನುಗ್ಗಿದೆ. 5 ವೋಲ್ಟ್ ಪಿನ್ ಮೇಲೆ ಅಳೆದರೆ 4.4 ಆಸುಪಾಸು, ಹೊರೆ ಇದ್ದರೆ ಇನ್ನೂ ಕಡಿಮೆ ಸಿಗುತ್ತದೆ. ಪೂರ್ತಿ ಬೋರ್ಡಿನ ಕರೆಂಟ್ ಒಂದು ಚಿಕ್ಕ ಡಯೋಡ್ ಮೇಲೆ ಹೋಗುತ್ತಿದೆ. ಹಾಗೇ ಬಿಟ್ಟರೆ ಆ ಪಿನ್ ನಿಜವಾಗಿಯೂ ಸಾಯುತ್ತದೆ. ಸಿಗ್ನಲ್ ತಂತಿಗಳನ್ನು ಒಂದೊಂದಾಗಿ ತೆಗೆಯಿರಿ. ಯಾವುದನ್ನು ತೆಗೆದಾಗ ಎಲ್‌ಇಡಿ ಆರುತ್ತದೋ ಅಲ್ಲಿ ಸಾಲಾಗಿ 4.7ರಿಂದ 10 ಕಿಲೋಓಮ್ ಹಾಕಿ, ಅಥವಾ ಎರಡಕ್ಕೂ ಒಂದೇ ಸಪ್ಲೈ ಮಾಡಿ.

ಇದೇ ಜಾತಿಯದು ವೋಲ್ಟೇಜ್ ಹೊಂದದ ತೊಂದರೆ. ಟಾಕಿಯ ನೀರಿನ ಮಟ್ಟ ಅಳೆಯುವ ಎಚ್‌ಸಿ-ಎಸ್‌ಆರ್04 ಸೆನ್ಸರ್‌ನ ಎಕೋ ಪಿನ್ 5 ವೋಲ್ಟ್ ಕೊಡುತ್ತದೆ. ಇಎಸ್‌ಪಿ32ಕ್ಕೆ 3.3 ಮಾತ್ರ ಬೇಕು. ಕೆಲವು ವಾರ ನಡೆದು ಆಮೇಲೆ ಕೈಕೊಟ್ಟಿತು ಅನ್ನುವ ಬೋರ್ಡ್‌ಗಳಲ್ಲಿ ಮೊದಲು ಇದನ್ನೇ ನೋಡಿ. ಎಕೋದಿಂದ ಪಿನ್ನಿಗೆ 1 ಕಿಲೋಓಮ್, ಪಿನ್‌ನಿಂದ ಗ್ರೌಂಡ್‌ಗೆ 2 ಕಿಲೋಓಮ್ ಹಾಕಿದರೆ 3.3 ವೋಲ್ಟ್ ಬರುತ್ತದೆ. 12 ವೋಲ್ಟ್ ಬ್ಯಾಟರಿಯ ಸಿಗ್ನಲ್ಲನ್ನು 5 ವೋಲ್ಟ್ ಚಿಪ್‌ಗೆ ಕೊಡಬೇಕಾದರೆ ಅದೇ ಕ್ರಮದಲ್ಲಿ 10 ಮತ್ತು 4.7 ಕಿಲೋಓಮ್ ಜೋಡಿ ಸರಿ. ಚಾರ್ಜ್ ಆಗುವಾಗ 14.4 ವೋಲ್ಟ್ ಬಂದರೂ ಪಿನ್ ಮೇಲೆ 4.6 ದಾಟುವುದಿಲ್ಲ.

## 8051 ಬೋರ್ಡ್ ಇದ್ದವರಿಗೆ

ಬೆಳಗಾವಿಯ ವಿಟಿಯು ವ್ಯಾಪ್ತಿಯ ಕಾಲೇಜುಗಳಲ್ಲಿ ಓದಿದ ಬಹಳ ಜನ 8051 ಅನ್ನುವ ಈ ಹಳೆಯ ಮೈಕ್ರೋಕಂಟ್ರೋಲರ್ ಮೇಲೆಯೇ ಕೈ ಪಳಗಿಸಿದವರು. ಇದರ ಪಿನ್ ಗುಣ ಬೇರೆ. ಪೋರ್ಟ್ ಅಂದರೆ ಎಂಟು ಪಿನ್‌ಗಳ ಗುಂಪು. ಪೋರ್ಟ್ 0ರ ಪಿನ್‌ಗಳಿಗೆ ಮೇಲಕ್ಕೆ ಎಳೆಯುವ ಶಕ್ತಿಯೇ ಇಲ್ಲ, ಹೊರಗೆ 10 ಕಿಲೋಓಮ್ ಪುಲ್‌ಅಪ್ ಹಾಕದಿದ್ದರೆ 1 ಬರೆದರೂ ಹೈ ಬರುವುದಿಲ್ಲ. ಉಳಿದ ಪೋರ್ಟ್‌ಗಳು ಗ್ರೌಂಡ್‌ಗೆ ಚೆನ್ನಾಗಿ ಎಳೆಯುತ್ತವೆ, ಮೇಲಕ್ಕೆ ಮಾತ್ರ ಮೈಕ್ರೋಆಂಪಿಯರ್ ಲೆಕ್ಕದಲ್ಲಿ. ಹಾಗಾಗಿ ಎಲ್‌ಇಡಿಯನ್ನು 5 ವೋಲ್ಟ್‌ನಿಂದ ಪಿನ್ ಕಡೆಗೆ ಕಟ್ಟಿ. ಓದುವ ಮುಂಚೆ ಆ ಪಿನ್ನಿಗೆ 1 ಬರೆಯಬೇಕು, ಇಲ್ಲದಿದ್ದರೆ ಸದಾ 0 ಓದುತ್ತದೆ.

## ನಿಜವಾಗಿಯೂ ಪಿನ್ ಸತ್ತಿದೆಯೇ

ಮೇಲಿನದೆಲ್ಲ ನೋಡಿ ಆದ ಮೇಲೆ ಮಾತ್ರ ಇಲ್ಲಿಗೆ ಬನ್ನಿ.

ಸಪ್ಲೈ ತೆಗೆದು, ಎಲ್ಲ ತಂತಿ ಬಿಚ್ಚಿ. ಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ. ಕೆಂಪು ಕಡ್ಡಿ ಗ್ರೌಂಡ್ ಮೇಲೆ, ಕಪ್ಪು ಕಡ್ಡಿ ಪಿನ್ ಮೇಲೆ. 0.5ರಿಂದ 0.7 ಬರಬೇಕು, ಅದು ಕೆಳಗಿನ ಡಯೋಡ್. ಈಗ ಕೆಂಪು ಪಿನ್ ಮೇಲೆ, ಕಪ್ಪು 5 ವೋಲ್ಟ್ ಮೇಲೆ. ಮತ್ತೆ ಅದೇ ಸುಮಾರು, ಅದು ಮೇಲಿನದು. ಪಕ್ಕದ ಪಿನ್‌ಗಳಲ್ಲೂ ಇದನ್ನೇ ಮಾಡಿ ಹೋಲಿಸಿ. ಒಂಟಿ ಅಂಕಿಗಿಂತ ಹೋಲಿಕೆ ಮುಖ್ಯ. ಊನೊದ 0, 1, 13ನೇ ಪಿನ್‌ಗಳಿಗೆ ಬೋರ್ಡ್ ಮೇಲೆಯೇ ಬೇರೆ ಸಾಮಾನು ಸೇರಿವೆ, ಅವು ಸ್ವಲ್ಪ ಬೇರೆ ತೋರಿಸಿದರೆ ಗಾಬರಿ ಬೇಡ. ಎಲ್ಲ ಪಿನ್ 0.6 ಅನ್ನುವಾಗ ಒಂದೇ ಪಿನ್ 0.00 ಅಂದರೆ ಒಳಗೆ ಶಾರ್ಟ್ ಆಗಿದೆ. ಒಂದೇ ಪಿನ್ ಏನೂ ತೋರಿಸದಿದ್ದರೆ ಡಯೋಡ್ ಸುಟ್ಟು ತೆರೆದುಕೊಂಡಿದೆ, ಅಥವಾ ಬೆಸುಗೆ ಬಿಟ್ಟಿದೆ. ಬೆಸುಗೆ ಮೊದಲು ನೋಡಿ.

ಡಯೋಡ್ ಸರಿ ಇದ್ದರೂ ಟ್ರಾನ್ಸಿಸ್ಟರ್ ಹೋಗಿರಬಹುದು. ಪಿನ್ನನ್ನು ಔಟ್‌ಪುಟ್ ಮಾಡಿ, ಎರಡೆರಡು ಸೆಕೆಂಡಿಗೆ ಹೈ ಲೋ ಮಾಡುವ ಪುಟ್ಟ ಕೋಡ್ ಹಾಕಿ. ಪಿನ್‌ನಿಂದ ಗ್ರೌಂಡ್‌ಗೆ 1 ಕಿಲೋಓಮ್ ಇಟ್ಟು ಹೈ ಅಳೆಯಿರಿ, 4.8ರ ಮೇಲೆ ಇರಬೇಕು. ಬರೀ ಪಿನ್ ಮೇಲೆ 5 ಇದ್ದು, ರೆಸಿಸ್ಟರ್ ಇಟ್ಟಾಗ ಕುಸಿದರೆ ಮೇಲಿನ ಟ್ರಾನ್ಸಿಸ್ಟರ್ ಹೋಗಿದೆ. ಅದೇ ರೆಸಿಸ್ಟರನ್ನು ಪಿನ್‌ನಿಂದ 5 ವೋಲ್ಟಿಗೆ ಇಟ್ಟು ಲೋ ಅಳೆಯಿರಿ, 0.2ರ ಒಳಗಿರಬೇಕು. ಇಲ್ಲದಿದ್ದರೆ ಕೆಳಗಿನದು.

ಕೊನೆಗೆ ಸೋರಿಕೆ. ಪಿನ್ನನ್ನು ಇನ್‌ಪುಟ್ ಪುಲ್‌ಅಪ್ ಮಾಡಿ, ಏನೂ ಕಟ್ಟದೆ ಅಳೆಯಿರಿ. ಅಗ್ಗದ ಮೀಟರ್‌ನಲ್ಲೂ 4.7ರ ಮೇಲೆ ಬರಬೇಕು. 3 ಅಥವಾ ಅದಕ್ಕಿಂತ ಕಡಿಮೆ ಬಂದರೆ ಪಿನ್ ಒಳಗೇ ಸೋರುತ್ತಿದೆ. ಇಂಥ ಪಿನ್ ಅರೆಜೀವ, ತಂಪಿನಲ್ಲಿ ನಡೆದು ಬಿಸಿಲಿನಲ್ಲಿ ಕೈಕೊಡುವುದು ಇದೇ.

ಸಪ್ಲೈ ಕೊಟ್ಟ ಕೆಲವೇ ಸೆಕೆಂಡಿನಲ್ಲಿ ಚಿಪ್ ಮುಟ್ಟಲಾಗದಷ್ಟು ಬಿಸಿಯಾದರೆ, ಸುಟ್ಟ ವಾಸನೆ ಬಂದರೆ, ಅಥವಾ ಸಪ್ಲೈ ತೆಗೆದಾಗ 5 ವೋಲ್ಟ್ ಮತ್ತು ಗ್ರೌಂಡ್ ನಡುವೆ ಎರಡು ಮೂರು ಓಮ್ ಮಾತ್ರ ತೋರಿಸಿದರೆ ಪರೀಕ್ಷೆ ನಿಲ್ಲಿಸಿ. ಅಂಥ ಬೋರ್ಡನ್ನು ಲ್ಯಾಪ್‌ಟಾಪ್‌ನ ಯುಎಸ್‌ಬಿಗೆ ಚುಚ್ಚಲೇಬೇಡಿ. 230 ಅಥವಾ 415 ವೋಲ್ಟ್ ತಂತಿ ಬೋರ್ಡಿಗೆ ತಾಗಿದೆ ಅನ್ನುವ ಅನುಮಾನ ಇದ್ದರೂ ಅಷ್ಟೇ, ಬೋರ್ಡ್ ಬಿಸಾಡಿ, ವೈರಿಂಗನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ನೋಡಿಸಿ.

ಒಂದೇ ಪಿನ್ ಸತ್ತಿದ್ದು ಉಳಿದವು ಸರಿ ಇದ್ದರೆ ಬೇರೆ ಪಿನ್ನಿಗೆ ಬದಲಿಸಿಕೊಂಡು ಕೆಲಸ ಸಾಗಿಸಬಹುದು. ಊನೊದಲ್ಲಿ ಸಾಕೆಟ್ ಮೇಲೆ ಕೂತ ಉದ್ದನೆಯ ಚಿಪ್ ಇದ್ದರೆ ಅದೊಂದನ್ನೇ ಬದಲಿಸಬಹುದು, ಬೂಟ್‌ಲೋಡರ್ ಹಾಕಿದ ಚಿಪ್ಪನ್ನೇ ಕೇಳಿ ತನ್ನಿ. ಹಳೆಯದನ್ನು ಎಲ್‌ಇಡಿ, ಡಿಸ್‌ಪ್ಲೇ ಕಲಿಯುವುದಕ್ಕೆ ಇಟ್ಟುಕೊಳ್ಳಿ. ಸತ್ತ ಪಿನ್ ಪಕ್ಕ ಮಾರ್ಕರ್‌ನಿಂದ ಒಂದು ಕೆಂಪು ಚುಕ್ಕೆ ಇಡಿ, ಮೋಟಾರ್ ಕೆಲಸಕ್ಕೆ ಮಾತ್ರ ಆ ಚಿಪ್ ಮತ್ತೆ ಹಾಕಬೇಡಿ.